ಗಾಳಿಮರ, ಅಕೇಶಿಯಾ, ಮತ್ತೆ ನಮ್ಮ ಬೇಣದ ಮಣ್ಣು

ಹಣಕೋಣದ ನಮ್ಮ ಬೇಣದಲ್ಲಿ ಅಕೇಶಿಯಾ ಕಡಿಸಿ ಆಯ್ತು. ದುಡ್ಡೂ ಬಂತು. ಈಗ ಮನೆಯಲ್ಲಿ ಒಂದೇ ಚರ್ಚೆ, ಮುಂದೆ ಎಂತ ಹಾಕೂದು? ಮಗ ಹೇಳ್ತಾನೆ, "ಅಪ್ಪಾ, ಮತ್ತೆ ಅದನ್ನೇ ಹಾಕುವಾ. ದನ ಮುಟ್ಟೂದಿಲ್ಲ, ಆರೈಕೆ ಬೇಡ." ಅವನ ಮಾತು ಸುಳ್ಳಲ್ಲ. ಆದ್ರೆ ಉತ್ತರ ಕೊಡುವ ಮೊದಲು, ನಮ್ಮ ಸೀಮೆಯಲ್ಲಿ ಹಿಂದೆ ನೆಟ್ಟ ಮರಗಳು ಮಣ್ಣಿಗೆ ಎಂತ ಮಾಡಿದವು ಅಂತ ಒಮ್ಮೆ ತಿರುಗಿ ನೋಡಬೇಕು ಅನಿಸಿತು.

ಮೊದಲು ಬಂದದ್ದು ಗಾಳಿಮರ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ದಶಕದಲ್ಲಿ ಕಾರವಾರದ ಮರಳು ದಂಡೆಯಲ್ಲಿ ಸೌದೆಗೆ ಅಂತ ಗಾಳಿಮರ ನೆಡಿಸಿದರು. 1883ರ ಸುಮಾರಿಗೆ ಇಲ್ಲಿ ಜಡ್ಜರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಟಾಗೋರರು, ಕಡಲಂಚಿನ ಆ ಗಾಳಿಮರದ ಕಾಡನ್ನೂ ಕಾಳಿ ನದಿಯನ್ನೂ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ.

ಬರೀ ಮರಳಿನಲ್ಲಿ ಗೊಬ್ಬರ ಇಲ್ಲದೆ ಮರ ಹೇಗೆ ಎದ್ದಿತು? ಗಾಳಿಮರದ ಬೇರಿನಲ್ಲಿ ಗಂಟು ಇರ್ತದೆ. ಅದರೊಳಗೆ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಕೂತು ಗಾಳಿಯ ಸಾರಜನಕವನ್ನು ಮರಕ್ಕೆ ಉಣ್ಣಿಸ್ತದೆ. ಮಜಾ ಅಂದ್ರೆ, ಆ ಜೀವಿಗೆ ಆ ಹೆಸರು ಬಿದ್ದದ್ದೇ 1886ರಲ್ಲಿ. ಆ ಕುಲದ ಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೇರೆ ಮಾಡಿ ಬೆಳೆಸಲಿಕ್ಕೆ ಆದದ್ದು 1978ರಲ್ಲಿ. ನೆಟ್ಟವರು ಲೆಕ್ಕ ಹಾಕಿದ್ದು ಸೌದೆಯನ್ನು. ಮಣ್ಣೊಳಗೆ ದುಡಿದವರ ಪರಿಚಯ ಅವರಿಗೆ ಇರಲಿಲ್ಲ.

ನನ್ನ ತಲೆಮಾರಿನವರು ಕಣ್ಣಾರೆ ಕಂಡದ್ದು ಅಕೇಶಿಯಾ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಜನ ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ಶುರು ಮಾಡಿದರು. ಸಹಜ ಕಾಡು ಕಡಿದು ಒಂದೇ ಜಾತಿಯ ಮರ ಹಾಕಿದ್ರೆ ನೀರು ಹೋಗ್ತದೆ, ಮಣ್ಣು ಹೋಗ್ತದೆ ಅನ್ನೂದು ಅವರ ತಕರಾರು. ಅದೇ ಹೊತ್ತಿಗೆ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ನೆರವಿನಿಂದ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಸೌದೆ, ಸೊಪ್ಪು ತೆಗೆದು ತೆಗೆದು ಬೋಳಾಗಿದ್ದ ಕರಾವಳಿಯ ಗುಡ್ಡಗಳಿಗೆ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಈ ಮರ ಹತ್ತಿತು. ಬೋಳು ಚಿರೆಕಲ್ಲಿನ ಮೇಲೆ ಬದುಕುವ ಮರಗಳೇ ಕಮ್ಮಿ. ಇದು ಬದುಕಿತು. ಇದರ ಬೇರಿನಲ್ಲೂ ಸಾರಜನಕದ ಗಂಟು ಉಂಟು, ಹೆಸರುಕಾಳು ಗಿಡದಲ್ಲಿ ಇರುವ ಹಾಗೆ.

ಹಾಗಾದ್ರೆ ಮಣ್ಣು ಸುಧಾರಿಸ್ತಾ? ಇಲ್ಲಿ ಕಿಣ್ವದ ಮಾತು ಬರ್ತದೆ. ಮಾಂಸ ಬೇಗ ಬೇಯಲಿ ಅಂತ ಪಪ್ಪಾಯಿ ಕಾಯಿ ಹಾಕ್ತೇವಲ್ಲ, ಮಾಂಸ ಮೆತ್ತಗೆ ಮಾಡೂದು ಆ ಕಾಯಿಯ ಹಾಲಿನಲ್ಲಿರುವ ಕಿಣ್ವ. ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳೂ ಅಂಥವನ್ನೇ ಹೊರಗೆ ಬಿಟ್ಟು ಎಲೆ ಕರಗಿಸ್ತವೆ. ಸೆಲ್ಯುಲೇಸ್ ನಾರು ಒಡೀತದೆ. ಫಾಸ್ಫಟೇಸ್ ಕೊಳೆತ ಎಲೆಯಿಂದ ರಂಜಕ ಬಿಡಿಸಿ ಕೊಡ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದು ಕೂರ್ತವೆ, ಹಾಗಾಗಿ ಈ ಕೆಲಸ ನಮಗೆ ಬಹಳ ಮುಖ್ಯ.

ಕಾಡಿನಲ್ಲಿ ಮತ್ತಿ, ಕಿಂದಳ, ಹೊನ್ನೆ, ಮುರುಗಲು, ನೇರಳೆ ಎಲ್ಲಾ ಒಟ್ಟಿಗೆ ಉದುರ್ತವೆ. ತೆಳು ಎಲೆ, ದಪ್ಪ ಎಲೆ, ಹಣ್ಣು, ಹೂ. ಹತ್ತು ನಮೂನೆ ಊಟಕ್ಕೆ ಹತ್ತು ನಮೂನೆ ಜೀವಿ. ಅಕೇಶಿಯಾದಲ್ಲಿ ವರ್ಷವಿಡೀ ಒಂದೇ ಊಟ, ಅದೂ ತೊಗಲಿನಂಥ ಗಟ್ಟಿ ಎಲೆ, ನಿಧಾನ ಕರಗೂದು.

ಹೋದ ವರ್ಷ, ಮರ ಕಡಿಸುವ ಮೊದಲು, ಒಂದು ಪರೀಕ್ಷೆ ಮಾಡಿದೆ. ಹತ್ತಿ ಅಂದ್ರೆ ನಾರೇ ಅಲ್ವಾ? ಹಳೇ ಪಂಚೆ ಹರಿದು ಮೂರು ತುಂಡು ಮಾಡಿ, ಮೃಗಶಿರ ಮಳೆ ಹಿಡಿದ ಮೇಲೆ ಗೇಣು ಆಳದಲ್ಲಿ ಹುಗಿದೆ. ಒಂದು ಬೋಳು ಚಿರೆಕಲ್ಲಿನ ಬದಿ, ಒಂದು ಅಕೇಶಿಯಾ ಬುಡ, ಒಂದು ಮೇಲಿನ ಹಾಡಿ. ನಾಗರ ಪಂಚಮಿ ಕಳೆದು ತೆಗೆದೆ. ಬೋಳು ಜಾಗದ್ದು ತೊಳೆದ್ರೆ ಮತ್ತೆ ಉಡಬಹುದಿತ್ತು. ಅಕೇಶಿಯಾದ್ದು ಅಲ್ಲಲ್ಲಿ ತೂತು. ಹಾಡಿಯದ್ದು ಎತ್ತಿದ್ರೆ ಕೈಗೆ ನಾಲ್ಕು ನೂಲು ಬಂತು.

ನನ್ನ ತಪ್ಪೂ ಹೇಳಬೇಕು. ಎಷ್ಟೋ ವರ್ಷ ಅಕೇಶಿಯಾದ ದರಕು ಗುಡಿಸಿ ಒಲೆಗೆ ತಂದೆ, ಉಳಿದದ್ದಕ್ಕೆ ಬೆಂಕಿ ಕೊಟ್ಟೆ. ಮಣ್ಣಿಗೆ ಸಿಗುತ್ತಿದ್ದ ಒಂದು ಹೊತ್ತಿನ ಊಟವನ್ನೂ ನಾನೇ ಕಸಿದುಕೊಂಡೆ. ಹಾಗಾಗಿ ಮರಕ್ಕೆ ಪೂರ್ತಿ ಬೈಯೂದು ಸರಿಯಲ್ಲ. ಬೋಳು ಗುಡ್ಡಕ್ಕೆ ಅಕೇಶಿಯಾ ಔಷಧಿಯೇ ಹೌದು. ಆದ್ರೆ ಔಷಧಿಯನ್ನೇ ದಿನಾ ಊಟ ಮಾಡ್ಲಿಕ್ಕೆ ಆಗೂದಿಲ್ಲ. ಕಾಡು ಇದ್ದಲ್ಲಿ ಅದನ್ನು ಕಡಿದು ಇದನ್ನು ಹಾಕಿದ್ರಂತೂ ನಷ್ಟವೇ.

ಮಗನಿಗೆ ಹೇಳಿದೆ, ಚಿರೆಕಲ್ಲು ಎದ್ದ ಮೂಲೆಯಲ್ಲಿ ಮಾತ್ರ ಅಕೇಶಿಯಾ ಇರಲಿ. ಉಳಿದಲ್ಲಿ ಹಕ್ಕಿ ತಂದು ಬಿತ್ತಿದ ನೇರಳೆ, ಕವಳಿ ಸಸಿಗಳನ್ನು ಕಡಿಯೂದು ಬೇಡ. ನಡುವೆ ಮುರುಗಲು, ಮತ್ತಿ, ಹೊನ್ನೆ ಹಾಕುವಾ. ದರಕು ಅಲ್ಲೇ ಬೀಳಲಿ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಮೆಟ್ಟಿಲು ಹತ್ತದೆ, ಯಾವ ಮರದ ಬೀಜ ಯಾವಾಗ ತೆಗೀಬೇಕು ಅಂತ ತಿಳಿದು ನರ್ಸರಿಯಲ್ಲಿ ಇಂಥ ಸಸಿಗಳನ್ನೇ ಎಬ್ಬಿಸಿದವರು. ಪದ್ಮಶ್ರೀ ಸುಮ್ಮನೆ ಬಂದದ್ದಲ್ಲ.

ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಮುರುಗಲು ಫಲ ಕೊಡುವವರೆಗೆ ಖರ್ಚಿಗೆ ಎಂತ ಅಂತ ಕೇಳ್ತಾನೆ. ಅದು ನ್ಯಾಯದ ಪ್ರಶ್ನೆಯೇ. ಅಕೇಶಿಯಾದ ದುಡ್ಡಲ್ಲಿ ಒಂದು ಪಾಲು ಅದಕ್ಕೇ ತೆಗೆದಿಟ್ಟಿದ್ದೇನೆ.

ಈ ಮಳೆಗಾಲ ನೀವೂ ಪಂಚೆ ತುಂಡು ಹುಗಿದು ನೋಡಿ. ಯಾವ ಮರದ ಬುಡ, ಎಷ್ಟು ದಿನ, ಎಷ್ಟು ಉಳೀತು ಅಂತ ಇಲ್ಲಿ ಬರೀರಿ. ನೈಲಾನ್ ಬೆರೆತ ಬಟ್ಟೆ ಮಾತ್ರ ಬೇಡ, ಅದು ಯಾವ ಕಾಡಿನಲ್ಲೂ ಕರಗೂದಿಲ್ಲ.