ಸೂರಕ್ಕಿಗೆ ಅಂಟಿದ ಗವರ್ನರನ ಹೆಸರು

ದಾಸವಾಳದ ಗಿಡದಲ್ಲಿ ಒಂದು ಗಳಿಗೆಯೂ ಸುಮ್ಮನೆ ಕೂರದೆ, ಹೂವಿನಿಂದ ಹೂವಿಗೆ ಹಾರಿ ಮಕರಂದ ಹೀರುವ ಸೂರಕ್ಕಿ ಮಲೆನಾಡಿಗೂ ಕರಾವಳಿಗೂ ಹೊಸದಲ್ಲ. ಅವುಗಳಲ್ಲಿ ಒಂದು ಜಾತಿಯ ಕೊಕ್ಕು ಮಾತ್ರ ತುಸು ಹೆಚ್ಚೇ ಉದ್ದ, ಕುಡುಗೋಲಿನಂತೆ ಬಾಗಿದ್ದು. ಗಂಡು ನೆರಳಿನಲ್ಲಿ ಬರೀ ಕಪ್ಪು. ಬಿಸಿಲಿಗೆ ಬಂದರೆ ನೇರಳೆ, ಹಸಿರು ಮಿಂಚು. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕಾಡಂಚು, ತೋಟಗಳಲ್ಲಿ ಕಾಣುವ ಈ ಹಕ್ಕಿಯನ್ನು ಪಕ್ಷಿತಜ್ಞರು ‘ಲೋಟನ್ ಸೂರಕ್ಕಿ’ ಎನ್ನುತ್ತಾರೆ.

ಯಾರು ಈ ಲೋಟನ್? ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. 1752ರಿಂದ 1757ರವರೆಗೆ ಸಿಲೋನಿನ ಗವರ್ನರ್. ಕಂಪನಿಯ ಕಣ್ಣು ದಾಲ್ಚಿನ್ನಿಯ ಮೇಲಿದ್ದರೆ ಗವರ್ನರನಿಗೆ ಪಶುಪಕ್ಷಿಗಳ ಗೀಳು. ಅವುಗಳ ಚಿತ್ರ ಬರೆಯಲು ಆತ ಹಚ್ಚಿದ್ದು ಪೀಟರ್ ಕಾರ್ನೆಲಿಸ್ ಡಿ ಬೆವೆರೆ ಎಂಬಾತನನ್ನು. ಸಿಲೋನಿನಲ್ಲೇ ಹುಟ್ಟಿದ, ಮಿಶ್ರ ಸಂತತಿಯ ಈತ ಕಂಪನಿಯ ಭೂಮಾಪನ ಇಲಾಖೆಯ ನೌಕರ. ಜಮೀನು ಅಳೆಯುವ ಕೈ ಹಕ್ಕಿಯ ಗರಿಯನ್ನೂ ಅಷ್ಟೇ ಕರಾರುವಾಕ್ಕಾಗಿ ಬಿಡಿಸಬಲ್ಲದಾಗಿತ್ತು.

ಲೋಟನ್ ಚಿತ್ರಗಳ ಸಮೇತ ಯುರೋಪಿಗೆ ಮರಳಿದ. 1766ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಈ ಸೂರಕ್ಕಿಗೆ ಆತನ ಹೆಸರನ್ನೇ ಲ್ಯಾಟಿನ್ನಿನಲ್ಲಿ ಇಟ್ಟ. ಮರ ಹತ್ತುವ ‘ಸರ್ಥಿಯಾ’ ಹಕ್ಕಿಗಳ ಗುಂಪಿಗೆ ಅದನ್ನು ಸೇರಿಸಿದ್ದೂ ಆತನೇ. ಆ ಗುಂಪು ಸರಿಯಲ್ಲವೆಂದು ಮುಂದೆ ಬದಲಾಯಿಸಿದರು. ಲೋಟನ್ ಮಾತ್ರ ಉಳಿದ. ಈಗಿನ ಹೆಸರು ‘ಸಿನ್ನಿರಿಸ್ ಲೊಟೇನಿಯಸ್’.

ಡಿ ಬೆವೆರೆಯ ಚಿತ್ರಗಳೂ ಕೈಯಿಂದ ಕೈಗೆ ದಾಟಿದವು. ವೇಲ್ಸ್‌ನ ಥಾಮಸ್ ಪೆನ್ನಂಟ್ ಕೆಲವನ್ನು ಸಿಡ್ನಿ ಪಾರ್ಕಿನ್ಸನ್‌ನಿಂದ ನಕಲು ಮಾಡಿಸಿದ. ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಹೋಗಿ 1771ರಲ್ಲಿ ಸಮುದ್ರದಲ್ಲೇ ತೀರಿಕೊಂಡ ಕಲಾವಿದ ಈತ. 1769ರಿಂದ ಹೊರಬಂದ ಪೆನ್ನಂಟನ ‘ಇಂಡಿಯನ್ ಜೂವಾಲಜಿ’ಗೆ ಆ ಪ್ರತಿಗಳು ಒದಗಿದವು. ಮೂಲಚಿತ್ರಗಳು ಇಂದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ, ಅಲ್ಲೂ ಲೋಟನ್ ಸಂಗ್ರಹವೆಂದೇ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಗವರ್ನರನಿಗೆ ಸ್ಮಾರಕವೂ ಉಂಟು. ಕುಂಚ ಹಿಡಿದವನ ಹೆಸರು ತಜ್ಞರ ಬರಹಗಳಾಚೆ ಕೇಳಿಬರುವುದು ಅಪರೂಪ.

ವ್ಯಕ್ತಿಗಳ ಹೆಸರಿನ ಹಕ್ಕಿಗಳ ಬಗ್ಗೆ ಈಚೆಗೆ ಚರ್ಚೆ ಎದ್ದಿದೆ. ಅಮೆರಿಕದ ಪಕ್ಷಿವಿಜ್ಞಾನ ಸಂಘ 2023ರಲ್ಲಿ ತನ್ನ ವ್ಯಾಪ್ತಿಯ ಅಂಥ ಇಂಗ್ಲಿಷ್ ಹೆಸರುಗಳನ್ನು ಬದಲಿಸಲು ತೀರ್ಮಾನಿಸಿತು. ನಮ್ಮ ಕಡೆಯ ಹಕ್ಕಿಗಳಿಗೆ ಅದು ಅನ್ವಯಿಸದು. ಲ್ಯಾಟಿನ್ ಹೆಸರಂತೂ ಹಾಗೆಯೇ ಇರುತ್ತದೆ. ಅಂದಹಾಗೆ ಈ ಸೂರಕ್ಕಿಗೆ ಇಂಗ್ಲಿಷಿನಲ್ಲಿ ‘ಉದ್ದ ಕೊಕ್ಕಿನ ಸೂರಕ್ಕಿ’ ಎಂಬ ಹೆಸರೂ ಚಾಲ್ತಿಯಲ್ಲಿದೆ. ತೋಟದಲ್ಲಿ ನಿಂತು ಗುರುತು ಹಿಡಿಯುವವರಿಗೆ ಅದೇ ಹೆಚ್ಚು ಅನುಕೂಲ.