ಕನ್ನಡ ಬೈಬಲ್ಲೂ ಸಲಿಂಗಕಾಮದ ಪ್ರಶ್ನೆಯೂ

ಲಂಡನ್ ಮಿಷನ್ ಸಂಘದ ಜಾನ್ ಹ್ಯಾಂಡ್ಸ್ ಅವರು ಬಳ್ಳಾರಿಗೆ ಬಂದುದು 1810ರಲ್ಲಿ. ಅವರೂ ವಿಲಿಯಂ ರೀವ್ ಮೊದಲಾದ ಸಹೋದ್ಯೋಗಿಗಳೂ ಎರಡು ದಶಕಗಳ ಕಾಲ ದುಡಿದುದರ ಫಲವಾಗಿ 1831ರಲ್ಲಿ ಸಮಗ್ರ ಬೈಬಲ್ಲು ಕನ್ನಡದಲ್ಲಿ ಪ್ರಕಟವಾಯಿತು. ‘ಹೋಮೊಸೆಕ್ಷುಯಲ್’ ಎಂಬುದಕ್ಕೆ ಮೂಲವಾದ ಜರ್ಮನ್ ಶಬ್ದವು ಮೊದಲು ಅಚ್ಚಾದುದಾದರೋ 1869ರಲ್ಲಿ. ಅದನ್ನು ಸೃಷ್ಟಿಸಿದವನು ಕೆರ್ಟ್‌ಬೆನಿ ಎಂಬ ಲೇಖಕ. ನಮ್ಮ ‘ಸಲಿಂಗಕಾಮ’ವು ಆ ಶಬ್ದದ ಅರ್ಥವನ್ನನುಸರಿಸಿ ಅನಂತರ ಕಟ್ಟಿಕೊಂಡ ಮಾತು. ಎಂದಮೇಲೆ, ಬೈಬಲ್ಲು ಸಲಿಂಗಕಾಮವನ್ನು ಕುರಿತು ಏನು ಹೇಳುತ್ತದೆಂದು ಕೇಳುವವರು, ಮೂಲದಲ್ಲಿಯೂ ಬಳ್ಳಾರಿಯ ಅನುವಾದದಲ್ಲಿಯೂ ಇರಲಾರದ ಪದವೊಂದನ್ನು ಹಿಡಿದು ಕೇಳುತ್ತಿದ್ದಾರೆ. ಮೂಲವು ಹೆಸರಿಸುವುದು ಕೆಲವು ಕೃತ್ಯಗಳನ್ನು. ಆಧುನಿಕ ಶಬ್ದವು ಹೆಸರಿಸುವುದು ಒಂದು ಬಗೆಯ ಮನುಷ್ಯರನ್ನು. ಈ ಅಂತರವನ್ನು ಮರೆತು ನಡೆಸಿದ ವಾದಗಳೇ ಹೆಚ್ಚು.

ಚರ್ಚೆಗೆ ಬರುವ ವಾಕ್ಯಗಳು ಬಹಳವಿಲ್ಲ. ಯಾಜಕಕಾಂಡದಲ್ಲಿ ಎರಡು ನಿಷೇಧಗಳೂ ಪೌಲನ ಹೆಸರಿನ ಪತ್ರಿಕೆಗಳಲ್ಲಿ ಮೂರು ಉಲ್ಲೇಖಗಳೂ ಉಂಟು. ಇವೆಲ್ಲಕ್ಕಿಂತ ಪ್ರಸಿದ್ಧವಾದುದು ಆದಿಕಾಂಡದ 19ನೆಯ ಅಧ್ಯಾಯದ ಸೊದೋಮಿನ ಕಥೆ. ಲೋಟನ ಮನೆಗೆ ಬಂದ ಅತಿಥಿಗಳನ್ನು ಊರಿನ ಗಂಡಸರು ಬಲಾತ್ಕಾರಕ್ಕಾಗಿ ಹೊರಗೆಳೆಯಬಯಸಿದರು. ಪಟ್ಟಣವು ಬೆಂಕಿಯಿಂದ ನಾಶವಾಯಿತು. ಆದರೆ ಯೆಹೆಜ್ಕೇಲನ ಗ್ರಂಥದ 16ನೆಯ ಅಧ್ಯಾಯವು ಸೊದೋಮಿನ ಪಾಪವನ್ನು ವಿವರಿಸುವಾಗ ಮೊದಲು ಹೇಳುವುದು ಗರ್ವವನ್ನು, ಅನ್ನಸಮೃದ್ಧಿಯ ಮದವನ್ನು, ದರಿದ್ರರಿಗೆ ನೆರವಾಗದಿದ್ದುದನ್ನು. ಇದನ್ನು ಮುಖ್ಯವಾಗಿ ಕಾಮಪಾಪದ ಕಥೆಯೆಂದು ಓದುವ ಕ್ರಮ ಕ್ರಿ.ಶ. ಒಂದನೆಯ ಶತಮಾನದ ಯೆಹೂದ್ಯ ಪಂಡಿತ ಫೈಲೋವಿನಲ್ಲಿ ಸ್ಪಷ್ಟವಾಗಿದೆ. ಹೊಸ ಒಡಂಬಡಿಕೆಯ ಯೂದನ ಪತ್ರಿಕೆಯಲ್ಲಿಯೂ ಅದರ ಸುಳಿವುಂಟು. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ನನು ಇಂಥ ಕೃತ್ಯಗಳಿಂದಲೇ ಕ್ಷಾಮ ಭೂಕಂಪಗಳು ಬರುತ್ತವೆಂದು ಶಾಸನದಲ್ಲಿಯೇ ಬರೆಯಿಸಿದನು. ಅತಿಥಿಗಳ ಮೇಲೆ ಗುಂಪು ನಡೆಸಲೆಳಸಿದ ಬಲಾತ್ಕಾರದ ಕಥೆ, ಒಪ್ಪಿ ಕೂಡಿದ ಇಬ್ಬರನ್ನು ದಂಡಿಸಲು ಆಧಾರವಾದುದು ಹೀಗೆ. ಈ ಭಾರವನ್ನು ಕಥೆ ಹೊರಲಾರದೆಂದೇ ನನ್ನ ಅಭಿಪ್ರಾಯ.

ಪೌಲನ ವಾಕ್ಯಗಳನ್ನು ಇಷ್ಟು ಸುಲಭವಾಗಿ ಬದಿಗಿಡುವಂತಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ‘ಮಲಕೊಯ್’, ‘ಅರ್ಸೆನೊಕೊಯ್ತಾಯ್’ ಎಂಬ ಎರಡು ಗ್ರೀಕ್ ಪದಗಳು ಬರುತ್ತವೆ. ಮೊದಲನೆಯದರ ವಾಚ್ಯಾರ್ಥ ಕೇವಲ ‘ಮೃದುವಾದವರು’ ಎಂದು. ಎರಡನೆಯದು ಗಂಡು, ಹಾಸಿಗೆ ಎಂಬ ಎರಡು ಶಬ್ದಗಳ ಸಮಾಸ. ಪೌಲನಿಗಿಂತ ಹಿಂದೆ ಎಲ್ಲಿಯೂ ಕಾಣಸಿಗದು. ಯಾಜಕಕಾಂಡದ ಗ್ರೀಕ್ ಅನುವಾದದಲ್ಲಿ ಈ ಎರಡು ಶಬ್ದಗಳು ಅಕ್ಕಪಕ್ಕದಲ್ಲಿಯೇ ಇರುವುದರಿಂದ ಸಮಾಸವು ಅಲ್ಲಿಂದಲೇ ಹುಟ್ಟಿತೆಂಬ ಊಹೆ ಬಲವಾದುದು. ಇದಕ್ಕೆ ಪೋಷಕವಾದ ಸಾಕ್ಷ್ಯವೊಂದು ನಮಗೆ ದೂರದ್ದೇನೂ ಅಲ್ಲ. ಮುತ್ತಿನಕೊಪ್ಪವಿರುವ ನರಸಿಂಹರಾಜಪುರ ತಾಲ್ಲೂಕಿನಲ್ಲಿ ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಪರಂಪರೆಯ ಕ್ರೈಸ್ತರಿದ್ದಾರೆ. ಅವರ ಪರಂಪರೆಯ ಪ್ರಾಚೀನ ಬೈಬಲ್ಲಾದ ‘ಪೆಶಿತ್ತಾ’ ಈ ಪದವನ್ನು ‘ಗಂಡಸರೊಡನೆ ಮಲಗುವವರು’ ಎಂದೇ ಬಿಡಿಸಿ ಹೇಳುತ್ತದೆ. ಇಂಗ್ಲಿಷಿನವರಿಗೆ ಈ ನಿಶ್ಚಯವಿರಲಿಲ್ಲ. 1946ರ ಪರಿಷ್ಕೃತ ಆವೃತ್ತಿಯು ಎರಡು ಗ್ರೀಕ್ ಪದಗಳನ್ನೂ ಒಟ್ಟುಗೂಡಿಸಿ ‘ಹೋಮೊಸೆಕ್ಷುಯಲ್ಸ್’ ಎಂದಿತು. 1971ರಲ್ಲಿ ಅದನ್ನು ಕೈಬಿಟ್ಟು ಬೇರೆ ಮಾತನ್ನು ಹಾಕಿತು.

ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಬಳಸುವ ‘ಪ್ರಕೃತಿಗೆ ವಿರುದ್ಧ’ ಎಂಬ ಭಾವವು ನಮ್ಮ ದೇಶದವರೆಗೆ ನಡೆದುಬಂದ ಬಗೆ ಕುತೂಹಲಕರವಾಗಿದೆ. ಹದಿಮೂರನೆಯ ಶತಮಾನದಲ್ಲಿ ತಾಮಸ್ ಅಕ್ವಿನಾಸನು ಅದನ್ನು ನೀತಿಶಾಸ್ತ್ರದ ಒಂದು ವರ್ಗವನ್ನಾಗಿ ಮಾಡಿದನು. 1533ರಲ್ಲಿ ಎಂಟನೆಯ ಹೆನ್ರಿಯ ಪಾರ್ಲಿಮೆಂಟು ಚರ್ಚಿನ ನ್ಯಾಯಾಲಯಗಳ ವಿಷಯವಾಗಿದ್ದ ಈ ಪಾಪವನ್ನು ಮರಣದಂಡನೆಯ ಅಪರಾಧವನ್ನಾಗಿಸಿತು. ಕ್ರೈಸ್ತರ ನಡುವೆ ಹೆಸರಿಸಲೂ ಬಾರದ ಪಾಪವೆಂಬ ಒಕ್ಕಣೆ ಬ್ಲಾಕ್‌ಸ್ಟನ್ನನ ಕಾನೂನುಗ್ರಂಥದಲ್ಲಿಯೂ ಉಂಟು. ಮೆಕಾಲೆಯ ಆಯೋಗವು 1837ರಲ್ಲಿ ಕರಡನ್ನು ಸಿದ್ಧಪಡಿಸಿತು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನಲ್ಲಿ ‘ಪ್ರಕೃತಿಕ್ರಮಕ್ಕೆ ವಿರುದ್ಧವಾದ’ ಸಂಭೋಗಕ್ಕೆ ಆಜೀವ ಶಿಕ್ಷೆಯವರೆಗೆ ದಂಡನೆ ವಿಧಿಸಲಾಯಿತು. ಬೈಬಲ್ಲನ್ನು ಎಂದೂ ತೆರೆಯದ ಕನ್ನಡಿಗನನ್ನೂ ಪೌಲನ ಮಾತು ಹೀಗೆ ಕಾನೂನಿನ ಮೂಲಕ ಮುಟ್ಟಿತು.

ಈ ಪರಂಪರೆಯನ್ನು ಮರುಪರೀಕ್ಷಿಸಿದವರಲ್ಲಿ ಮೊದಲಿಗರು ಕ್ರೈಸ್ತರೇ ಎಂಬುದನ್ನು ಹೇಳದೆ ಬಿಡುವುದು ಅನ್ಯಾಯ. ಆಂಗ್ಲಿಕನ್ ಪಾದ್ರಿ ಡೆರಿಕ್ ಶರ್ವಿನ್ ಬೇಲಿ 1955ರಲ್ಲಿ ಸೊದೋಮಿನ ಸಾಂಪ್ರದಾಯಿಕ ಅರ್ಥವನ್ನು ಪ್ರಶ್ನಿಸಿದರು. 1957ರಲ್ಲಿ ವುಲ್ಫೆಂಡೆನ್ ಸಮಿತಿಯು ವಯಸ್ಕರ ಖಾಸಗಿ ಸಂಬಂಧ ಅಪರಾಧವಾಗಬಾರದೆಂದಿತು. 1980ರಲ್ಲಿ ಜಾನ್ ಬಾಸ್‌ವೆಲ್ ಮುಂದಿಟ್ಟ ಉದಾರ ವ್ಯಾಖ್ಯಾನಕ್ಕೆ 2001ರಲ್ಲಿ ರಾಬರ್ಟ್ ಗ್ಯಾಗ್ನನ್ ವಿಸ್ತಾರವಾದ ಪ್ರತಿವಾದ ಹೂಡಿದರು. ಕ್ಯಾಥೊಲಿಕ್ ಧರ್ಮೋಪದೇಶ ಸಂಗ್ರಹವು (1992) ಕೃತ್ಯವನ್ನು ಒಪ್ಪದೆ, ವ್ಯಕ್ತಿಯನ್ನು ಗೌರವದಿಂದ ಕಾಣಬೇಕೆನ್ನುತ್ತದೆ.

ನಮ್ಮ ನ್ಯಾಯಾಲಯಗಳಲ್ಲಿಯೂ ಈ ಒಡಕು ಕಾಣಿಸಿತು. 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 377ನೆಯ ಕಲಮಿನ ವ್ಯಾಪ್ತಿಯನ್ನು ಕುಗ್ಗಿಸಿದಾಗ ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ವಿರೋಧಿಸಿದವರಲ್ಲಿ ಕ್ರೈಸ್ತ ಸಂಸ್ಥೆಗಳೂ ಇದ್ದುವು. 2013ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಮನ್ನು ಎತ್ತಿಹಿಡಿದಾಗ, ಮುಂಬಯಿಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಷಿಯಸ್ ಅವರು ತಮ್ಮ ಚರ್ಚು ಇವರನ್ನು ಅಪರಾಧಿಗಳೆಂದು ಭಾವಿಸಿಲ್ಲವೆಂದು ಹೇಳಿದರು. ಸಲಿಂಗ ವಿವಾಹವನ್ನು ಮಾತ್ರ ಅವರು ಒಪ್ಪಲಿಲ್ಲ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಸಮ್ಮತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮು ಇಲ್ಲ.

ಸಭೆಗಳಲ್ಲಿ ಚರ್ಚೆ ಮುಗಿದಿಲ್ಲ. ಭಾನುವಾರದ ಆರಾಧನೆಯಲ್ಲಿ ಕೊರಿಂಥದ ಪತ್ರಿಕೆಯ ಆ ವಾಕ್ಯವನ್ನು ಓದಿದಾಗ, ಹಿಂದಿನ ಬೆಂಚಿನಲ್ಲಿ ಕುಳಿತ ಯುವಕನೊಬ್ಬನು ತಾನು ಮಾಡಿದ ಕೃತ್ಯದ ಹೆಸರನ್ನು ಕೇಳುತ್ತಾನೆಯೋ ತನ್ನ ಹೆಸರನ್ನೇ ಕೇಳುತ್ತಾನೆಯೋ ಎಂಬುದು ಅನುವಾದಕನು ಆರಿಸಿದ ಪದವನ್ನು ಅವಲಂಬಿಸಿದೆ. ಬಳ್ಳಾರಿಯ ಮುದ್ರಣದಿಂದ ತೊಡಗಿ ಈಚಿನ ಪರಿಷ್ಕರಣಗಳವರೆಗೆ ಕನ್ನಡದ ಆವೃತ್ತಿಗಳಲ್ಲಿ ಈ ಒಂದು ವಾಕ್ಯವನ್ನು ಸಾಲಾಗಿಟ್ಟು, ಪದಗಳು ಯಾವಾಗ ಬದಲಾದುವು, ಯಾವ ಭಾಷೆಯ ಪ್ರಭಾವದಿಂದ ಬದಲಾದುವು ಎಂದು ನೋಡುವುದು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಒಂದು ವರ್ಷದ ಕೆಲಸಕ್ಕೆ ತಕ್ಕ ವಿಷಯ.