ಹೆಸರಲ್ಲಿ ಮಾತ್ರ ಮೇಣ

ಮೊನ್ನೆ ರಾತ್ರಿ ಹಟ್ಟಿಯಲ್ಲಿ ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿದಾಗ ನಮ್ಮಜ್ಜಿ ನೆನಪಾದಳು. ಅವಳ ಬಾಯಲ್ಲಿ ಅದು ಯಾವಾಗಲೂ 'ಮೋಂಬತ್ತಿ'. 1948ರವರೆಗೆ ನಿಜಾಮನ ಸೀಮೆ ನಮ್ಮದು, ಉರ್ದು ಮಾತು ಮನೆಯೊಳಗೂ ಬಂದಿತ್ತು. ತಮಾಷೆ ನೋಡಿ, ಪಾರಸಿಯಿಂದ ಬಂದ 'ಮೋಮ್' ಅಂದರೂ ಜೇನುಮೇಣ, ನಮ್ಮ 'ಮೇಣ' ಅಂದರೂ ಅದೇ.

ಆದರೆ ಈಗಿನ ಅಂಗಡಿ ಬತ್ತಿಯಲ್ಲಿ ಸಾಮಾನ್ಯವಾಗಿ ಜೇನಿನ ಸುಳಿವೇ ಇಲ್ಲ. 1825ರಲ್ಲಿ ಫ್ರಾನ್ಸಿನ ಶೆವ್ರೆಲ್ ಮತ್ತು ಗೇ-ಲುಸಾಕ್ ಕೊಬ್ಬಿನಿಂದ ತೆಗೆದ ಸ್ಟಿಯರಿನ್ ಬತ್ತಿಗೆ ಪೇಟೆಂಟ್ ಪಡೆದರು. 1850ರ ನಂತರ ಪ್ಯಾರಾಫಿನ್ ಬಂತು. ನಮ್ಮ ದೇಶದಲ್ಲಿ 1901ರಲ್ಲಿ ಶುರುವಾದ ಅಸ್ಸಾಮಿನ ದಿಗ್ಬೋಯಿ ರಿಫೈನರಿಯೂ ಕಚ್ಚಾ ಎಣ್ಣೆಯಿಂದ ಮೇಣ ತೆಗೆಯಿತು. ಸರಕು ಬದಲಾಯಿತು, ಹೆಸರು ಹಾಗೇ ಉಳಿಯಿತು.

ಹಳೆಯ ಬತ್ತಿಯನ್ನು ಮನೆಯಲ್ಲೇ ಮಾಡಬಹುದು. ಜೇನುಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಡಿ. ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನೇರ ಉರಿಗೆ ಇಡಬೇಡಿ, ಬೆಂಕಿ ಹತ್ತೀತು. ಹೆಣೆದ ಹತ್ತಿದಾರ ಅದ್ದಿ, ತಣಿಸಿ, ಮತ್ತೆ ಮತ್ತೆ ಅದ್ದಿ. ಇದಕ್ಕೂ ಹೊಗೆ ಇಲ್ಲವೆಂದಲ್ಲ, ದಾರ ಉದ್ದ ಬಿಟ್ಟರೆ ಮಸಿ ಕಾರುತ್ತದೆ.

ಈಗ ಚೀಟಿಯ ಮೇಲೆ 'ನೈಸರ್ಗಿಕ' ಅಂತ ಕಂಡರೆ ನನಗೆ ಅಜ್ಜಿಯ ಮೋಂಬತ್ತಿ ನೆನಪಾಗುತ್ತದೆ. ಹೆಸರು ಏನೇ ಇರಲಿ, ಉರಿಯುತ್ತಿರುವುದು ಏನು ಅಂತ ಕೇಳಬೇಕು, ಅಲ್ಲವೇ?